ಆಂಟಿಆಕ್ಸಿಡೆಂಟ್ ಜ್ಯೂಸ್‌ಗೆ ಇಷ್ಟು ದುಡ್ಡು ಕೊಡಬೇಕಾ? ಮುರುಗಲು, ನೆಲ್ಲಿಕಾಯಿ ಸಾಲದಾ?

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಸಂಬಂಧಿಕರೊಬ್ಬರು "ಆಂಟಿಆಕ್ಸಿಡೆಂಟ್ ಜ್ಯೂಸ್" ಅಂತ ಎರಡು ಬಾಟಲಿ ಮಾರಿ ಹೋಗಿದ್ದಾರೆ. ಒಂದೊಂದಕ್ಕೂ ಎರಡು ಸಾವಿರದ ಮೇಲೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ 30 ಎಂಎಲ್ ಕುಡಿದರೆ ಶುಗರ್ ಇಳಿಯುತ್ತದಂತೆ, ಮಂಡಿ ನೋವು ಹೋಗುತ್ತದಂತೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲವಂತೆ. ಲೇಬಲ್ ಮೇಲೆ ಓಆರ್‌ಎಸಿ ಅಂತ ಬರೆದು ಎದುರಿಗೆ ಐದಂಕಿಯ ಒಂದು ನಂಬರ್ ಹಾಕಿದ್ದಾರೆ.

ಮಾವನವರಿಗೆ ಶುಗರ್ ಇದೆ, ಬಿಪಿ ಇದೆ, ಹಾರ್ಟಿಗೆ ಅಂತ ರಕ್ತ ತೆಳುವಾಗುವ ಮಾತ್ರೆಯೂ ನಡೀತಾ ಇದೆ. ಕವಳ (ಎಲೆ ಅಡಿಕೆ) ಬಿಟ್ಟಿಲ್ಲ.

ಈ ಆಂಟಿಆಕ್ಸಿಡೆಂಟ್ ಅಂದರೆ ಅಸಲಿಗೆ ಏನು, ಒಳಗೆ ಹೋಗಿ ಏನು ಮಾಡುತ್ತದೆ? ನಮ್ಮ ಮನೆಯಲ್ಲಿ ಮುರುಗಲು ಪಾನಕ, ನೆಲ್ಲಿಕಾಯಿ, ದಿನಕ್ಕೊಂದು ತಂಬುಳಿ ಹೇಗೂ ಇರುತ್ತದೆ. ಅದು ಸಾಲಲ್ವಾ? ಗೊತ್ತಿದ್ದವರು ಬಿಡಿಸಿ ಹೇಳಿ.

ತೀರ್ಥಹಳ್ಳಿ ತೋಟ

ಸಂಬಂಧಿಕರು ಅಂದ ಕೂಡಲೇ ಗೊತ್ತಾಯಿತು. ಚೈನ್ ಬಿಸಿನೆಸ್. ಇನ್ನೊಂದು ವಾರ ಬಿಟ್ಟು ನಿಮ್ಮ ಮಾವನವರನ್ನೇ "ಕೆಳಗೆ ಇಬ್ಬರನ್ನು ಸೇರಿಸಿ" ಅನ್ನುತ್ತಾರೆ, ನೋಡ್ತಾ ಇರಿ.

ಭದ್ರಾವತಿ ಜಿಮ್

ಆಂಟಿಆಕ್ಸಿಡೆಂಟ್ ಒಳ್ಳೇದೇ ಅಲ್ವಾ? ನಮ್ಮ ಜಿಮ್‌ನಲ್ಲಿ ಎಲ್ಲರೂ ವಿಟಮಿನ್ ಸಿ ಒಂದು ಸಾವಿರ, ವಿಟಮಿನ್ ಇ ನಾನೂರು ಹಾಕುತ್ತಾರೆ. ಫ್ರೀ ರ‍್ಯಾಡಿಕಲ್ ಕೊಲ್ಲುತ್ತದೆ ಅಂತ ಕೋಚ್ ಹೇಳಿದ್ದಾರೆ. ಬಾಟಲಿ ದುಬಾರಿ ಇರಬಹುದು, ಹಾಳಂತೂ ಆಗಲ್ಲ.

ಲ್ಯಾಬ್ ಮೇಷ್ಟ್ರು

ಹಾಳಾಗಲ್ಲ ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ. ನಾನು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವನು, ಸ್ವಲ್ಪ ಉದ್ದ ಆದರೆ ಬೇಜಾರಾಗಬೇಡಿ.

ನಾವು ಉಸಿರಾಡುವ ಆಮ್ಲಜನಕ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಾದಲ್ಲಿ ಉಪಯೋಗ ಆಗುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟುತ್ತಾ ಹೋಗಿ, ಕೊನೆಗೆ ಆಮ್ಲಜನಕಕ್ಕೆ ಸೇರಿ ನೀರಾಗುತ್ತದೆ. ಆದರೆ ದಾರಿಯಲ್ಲಿ ಒಂದಷ್ಟು ಸೋರುತ್ತದೆ. ಹಾಗೆ ಸೋರಿದ ಒಂದೇ ಒಂದು ಎಲೆಕ್ಟ್ರಾನ್ ಆಮ್ಲಜನಕಕ್ಕೆ ಅಂಟಿಕೊಂಡರೆ ಸೂಪರ್‌ಆಕ್ಸೈಡ್ ಅನ್ನುವುದು ಹುಟ್ಟುತ್ತದೆ. ಅದರಲ್ಲಿ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಇಂಥ ಒಂಟಿ ಎಲೆಕ್ಟ್ರಾನ್ ಇರುವ ಕಣಗಳಿಗೇ ಫ್ರೀ ರ‍್ಯಾಡಿಕಲ್ ಅನ್ನುವುದು. ಇವು ಪಕ್ಕದಲ್ಲಿ ಏನಿದ್ದರೂ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಕೊಬ್ಬು, ಪ್ರೋಟೀನ್, ಡಿಎನ್ಎ ಯಾವುದಾದರೂ ಸರಿ. ಕಿತ್ತುಕೊಂಡಲ್ಲಿ ಇನ್ನೊಂದು ಒಂಟಿ ಉಳಿಯುತ್ತದೆ, ಅದು ಮತ್ತೊಂದರ ಮೇಲೆ ಬೀಳುತ್ತದೆ. ಜೀವಕೋಶದ ಪೊರೆಯ ಕೊಬ್ಬಿನಲ್ಲಿ ಇದು ಸರಪಳಿ ಹಾಗೆ ಸಾಗುತ್ತದೆ. ಸಿಗರೇಟಿನ ಹೊಗೆ, ವಿಕಿರಣ, ಬಿಸಿಲಿನ ಅತಿನೇರಳೆ ಕಿರಣ, ಉರಿಯೂತ ಇವೆಲ್ಲ ಅದನ್ನು ಜಾಸ್ತಿ ಮಾಡುತ್ತವೆ.

ಆಂಟಿಆಕ್ಸಿಡೆಂಟ್ ಅಂದರೆ ಈ ಸರಪಳಿಯನ್ನು ತಡೆಯುವ ಯಾವುದೇ ವಸ್ತು. ತನ್ನ ಎಲೆಕ್ಟ್ರಾನ್ ಕೊಟ್ಟು, ಆದರೂ ತಾನು ಅಷ್ಟೊಂದು ಅಪಾಯಕಾರಿ ಆಗದೆ ಉಳಿಯುವಂಥದ್ದು.

ಜ್ಯೂಸ್ ಮಾರುವವರು ಹೇಳದ ಒಂದು ವಿಷಯ ಇದೆ. ದೇಹದ ಮುಖ್ಯ ಕಾವಲು ಹೊರಗಿನಿಂದ ಬರುವುದಲ್ಲ, ಒಳಗೇ ತಯಾರಾಗುವುದು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅಂತ ಒಂದು ಎನ್‌ಜೈಮ್. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಅನ್ನುವ ವಿಜ್ಞಾನಿಗಳು ಅದರ ಕೆಲಸವನ್ನು ತೋರಿಸಿಕೊಟ್ಟರು. ಅದು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಆಮೇಲೆ ಕ್ಯಾಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್ ಬಂದು ಅದನ್ನು ನೀರು ಮಾಡುತ್ತವೆ. ಗ್ಲುಟಥಯೋನ್ ನಮ್ಮ ದೇಹವೇ ಮೂರು ಅಮೈನೋ ಆಮ್ಲ ಸೇರಿಸಿ ಮಾಡಿಕೊಳ್ಳುವ ವಸ್ತು. ರಕ್ತದಲ್ಲಿರುವ ಯೂರಿಕ್ ಆಮ್ಲ ಕೂಡ ಆಂಟಿಆಕ್ಸಿಡೆಂಟೇ, ಹಾಗಂತ ಯಾರೂ ಅದನ್ನು ಬಾಟಲಿಗೆ ತುಂಬಿ ಮಾರುವುದಿಲ್ಲ. ಜಾಸ್ತಿ ಆದರೆ ಗೌಟ್ ಅನ್ನುವ ಕೀಲುನೋವು ಬರುತ್ತದೆ.

ಊಟದಿಂದ ಬರುವುದು ವಿಟಮಿನ್ ಸಿ, ವಿಟಮಿನ್ ಇ, ಕೆರೋಟಿನ್‌ಗಳು, ಸೊಪ್ಪು ಹಣ್ಣಿನ ಪಾಲಿಫಿನಾಲ್‌ಗಳು, ಮತ್ತೆ ಆ ಎನ್‌ಜೈಮ್‌ಗಳಿಗೆ ಬೇಕಾದ ಸೆಲೆನಿಯಂ, ಸತು, ತಾಮ್ರ, ಮ್ಯಾಂಗನೀಸ್. ಇವು ನಮ್ಮ ಕಡೆಯ ಮುಯ್ಯಾಳು ಇದ್ದ ಹಾಗೆ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ವಿಟಮಿನ್ ಇ ಕೊಬ್ಬಿನಲ್ಲಿ ನಿಂತು ಎಲೆಕ್ಟ್ರಾನ್ ಕೊಟ್ಟು ಖಾಲಿಯಾದರೆ ವಿಟಮಿನ್ ಸಿ ಬಂದು ಅದನ್ನು ಸರಿ ಮಾಡುತ್ತದೆ, ಸಿ ಖಾಲಿಯಾದರೆ ಗ್ಲುಟಥಯೋನ್ ಬರುತ್ತದೆ. ಒಂದನ್ನೇ ಹತ್ತು ಪಟ್ಟು ಸುರಿದರೆ ಉಳಿದವು ತನ್ನಿಂತಾನೇ ಹತ್ತು ಪಟ್ಟು ಆಗುವುದಿಲ್ಲ.

ಹೊಸನಗರ ಅಡುಗೆಮನೆ

ಮೇಷ್ಟ್ರೇ, ಇದು ನಾವು ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಅದೇನಾ? ಹಾಕದಿದ್ದರೆ ಪಲ್ಯಕ್ಕೆ ಒಗ್ಗರಣೆ ಇಡುವಷ್ಟರಲ್ಲಿ ಕಪ್ಪಾಗಿ ಕೂತಿರುತ್ತದೆ.

ಲ್ಯಾಬ್ ಮೇಷ್ಟ್ರು

ಹತ್ತಿರದ್ದು. ಕತ್ತರಿಸಿದಾಗ ದಿಂಡಿನೊಳಗಿನ ಪಾಲಿಫಿನಾಲ್‌ಗೆ ಗಾಳಿ ತಾಗುತ್ತದೆ, ದಿಂಡಿನದೇ ಒಂದು ಎನ್‌ಜೈಮ್ ಅದನ್ನು ಆಕ್ಸಿಡೈಸ್ ಮಾಡಿ ಕಪ್ಪು ಬಣ್ಣ ಬರಿಸುತ್ತದೆ. ಮಜ್ಜಿಗೆಯ ಹುಳಿಗೆ ಆ ಎನ್‌ಜೈಮ್ ಮಂದ ಆಗುತ್ತದೆ, ನೀರಿನಲ್ಲಿ ಮುಳುಗಿದ್ದರೆ ಗಾಳಿಯೂ ಕಮ್ಮಿ. ಲಿಂಬೆ ಹಿಂಡಿದರೆ ಹುಳಿ ಜೊತೆಗೆ ವಿಟಮಿನ್ ಸಿ ಕೂಡ ಸೇರಿ ಇನ್ನೂ ಚೆನ್ನಾಗಿ ತಡೆಯುತ್ತದೆ. ಎಣ್ಣೆ ಕಮಟು ವಾಸನೆ ಬರಬಾರದು ಅಂತ ಕಾರ್ಖಾನೆಯವರು ಹಾಕುವುದೂ ಆಂಟಿಆಕ್ಸಿಡೆಂಟೇ, ರಬ್ಬರ್ ಬಿರುಕು ಬಿಡದಿರಲಿ ಅಂತ ಟಯರಿಗೆ ಹಾಕುವುದೂ ಅದೇ. ಆರೋಗ್ಯದ ಅಂಗಡಿಗೆ ಬರುವ ಎಷ್ಟೋ ಮೊದಲು ಇದು ಕಾರ್ಖಾನೆಯ ಮಾತಾಗಿತ್ತು.

ನನ್ನ ತಕರಾರು ಇರುವುದೇ ಇಲ್ಲಿ. ಆಂಟಿಆಕ್ಸಿಡೆಂಟ್ ಅನ್ನುವುದು ಒಂದು ರಾಸಾಯನಿಕ ಗುಣ ಅಷ್ಟೇ, ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಟೆಸ್ಟ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕೊಡುವ ವಸ್ತು ಹೊಟ್ಟೆಗೆ ಹೋದ ಮೇಲೂ ಅದನ್ನೇ ಮಾಡುತ್ತದೆ ಅಂತ ಏನೂ ಇಲ್ಲ.

ಓಆರ್‌ಎಸಿ ಅಂದಿರಲ್ಲ ಅಕ್ಕ, ಅದು ಒಂದು ವಸ್ತು ಟೆಸ್ಟ್ ಟ್ಯೂಬಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಕೆಲಸ ಮಾಡುತ್ತದೆ ಅಂತ ಅಳೆದ ನಂಬರ್. ಅಮೆರಿಕದ ಕೃಷಿ ಇಲಾಖೆ ಒಂದು ಕಾಲದಲ್ಲಿ ಹಣ್ಣು ತರಕಾರಿಗಳ ಓಆರ್‌ಎಸಿ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿತ್ತು. ಕಂಪನಿಗಳು ಅದನ್ನು ಇಟ್ಟುಕೊಂಡು ಮನಸ್ಸಿಗೆ ಬಂದ ಹಾಗೆ ಜಾಹೀರಾತು ಮಾಡಿದವು. ಆ ನಂಬರಿಗೂ ಮನುಷ್ಯನ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ಇಲ್ಲ ಅಂತ ಹೇಳಿ 2012ರಲ್ಲಿ ಇಲಾಖೆಯೇ ಪಟ್ಟಿಯನ್ನು ತೆಗೆದುಹಾಕಿತು. ನಿಮ್ಮ ಬಾಟಲಿಯವರು ಇನ್ನೂ ಅದನ್ನೇ ಅಂಟಿಸಿಕೊಂಡು ಓಡಾಡುತ್ತಿದ್ದಾರೆ.

ಮೆಡಿಕಲ್ ಶಾಪ್ ಶಿವಮೊಗ್ಗ

ಸಾಗರದ ಅಕ್ಕ, ಮೊದಲು ಒಂದು ಕೆಲಸ ಮಾಡಿ. ಆ ಬಾಟಲಿ ಹಿಂದಿನ ಲೇಬಲ್ ಫೋಟೋ ತೆಗೆದುಕೊಂಡು ಮಾವನವರ ಡಾಕ್ಟರಿಗೆ ತೋರಿಸಿ, ಅಲ್ಲಿವರೆಗೆ ಬಾಟಲಿ ತೆಗೆಯಬೇಡಿ. ರಕ್ತ ತೆಳುವಾಗುವ ಮಾತ್ರೆ ಅಂದಿರಿ. ವಾರ್ಫರಿನ್ ಥರದ್ದಾದರೆ ಜಾಸ್ತಿ ಡೋಸಿನ ವಿಟಮಿನ್ ಇ ಜೊತೆ ಸೇರಿದಾಗ ರಕ್ತಸ್ರಾವದ ಅಪಾಯ ಜಾಸ್ತಿ. ಇನ್ನು ಜ್ಯೂಸ್ ಅಂದಮೇಲೆ ಸಕ್ಕರೆ ಎಷ್ಟಿದೆ ಅಂತ ನೋಡಿ. ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಶುಗರ್ ಇರುವವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಸಕ್ಕರೆ ಪಾಕ ಕುಡಿದು ಶುಗರ್ ಇಳಿಸುವುದು ಹೇಗೆ?

ಇನ್ನೊಂದು. ಆಹಾರದ ಲೆಕ್ಕದಲ್ಲಿ ಮಾರುವ ವಸ್ತುವಿಗೆ "ಕಾಯಿಲೆ ಗುಣ ಮಾಡುತ್ತದೆ" ಅಂತ ಹೇಳಿಕೊಳ್ಳುವ ಹಾಗಿಲ್ಲ, ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರ ನಿಯಮದಲ್ಲೇ ಇದೆ. ಶುಗರ್, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರಿಂದಲೇ ಕಾನೂನಿನ ತಡೆ ಇದೆ. ಅದಕ್ಕೇ ಲೇಬಲ್ ಮೇಲೆ ಬರೆಯುವುದಿಲ್ಲ, ಮನೆಗೆ ಬಂದು ಬಾಯಲ್ಲಿ ಹೇಳಿ ಹೋಗುತ್ತಾರೆ.

ಸಾಗರದ ಸೊಸೆ

ಅಯ್ಯೋ ಹೌದು, ಈಗ ಲೇಬಲ್ ನೋಡಿದೆ. ಮೊದಲು ನೀರು, ಎರಡನೆಯದೇ ಸಕ್ಕರೆ. ಮುರುಗಲು ಸಾರ ಎಲ್ಲೋ ಆರನೆಯದು!

ತೀರ್ಥಹಳ್ಳಿ ತೋಟ

ಎರಡು ಸಾವಿರಕ್ಕೆ ನಮ್ಮ ಮುರುಗಲನ್ನೇ ನಮಗೆ ವಾಪಸ್ ಮಾರುತ್ತಿದ್ದಾರೆ, ಅದೂ ಸಕ್ಕರೆ ನೀರು ಬೆರೆಸಿ. ಶಭಾಷ್.

ಭದ್ರಾವತಿ ಜಿಮ್

ಸರಿ, ಜ್ಯೂಸ್ ಬಿಡಿ. ಮಾತ್ರೆ? ವಿಟಮಿನ್ ಮಾತ್ರೆಯಲ್ಲಿ ಸಕ್ಕರೆ ಇರಲ್ಲವಲ್ಲ. ಹಣ್ಣು ತರಕಾರಿ ತಿನ್ನುವವರಿಗೆ ಹಾರ್ಟ್ ಅಟ್ಯಾಕ್ ಕಮ್ಮಿ, ಅದರಲ್ಲಿರುವುದು ಆಂಟಿಆಕ್ಸಿಡೆಂಟ್, ಅಂದಮೇಲೆ ಮಾತ್ರೆಯಲ್ಲಿ ಅದನ್ನೇ ತಗೊಂಡರೂ ಕಮ್ಮಿ ಆಗಬೇಕಲ್ಲ? ಲಾಜಿಕ್ ಸರಿ ಇದೆ ತಾನೇ?

ಲ್ಯಾಬ್ ಮೇಷ್ಟ್ರು

ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳೂ ಹೀಗೇ ಅಂದುಕೊಂಡಿದ್ದರು ಕಣಪ್ಪ. 1956ರಲ್ಲಿ ಡೆನ್ಹಮ್ ಹಾರ್ಮನ್ ಅನ್ನುವವರು ಮುಪ್ಪು ಬರುವುದೇ ಫ್ರೀ ರ‍್ಯಾಡಿಕಲ್‌ನಿಂದ ಅಂತ ಸಿದ್ಧಾಂತ ಮಂಡಿಸಿದರು. ಲೈನಸ್ ಪಾಲಿಂಗ್, ಎರಡು ನೊಬೆಲ್ ಬಂದವರು, 1970ರ ಹೊತ್ತಿಗೆ ಗ್ರಾಂ ಲೆಕ್ಕದಲ್ಲಿ ವಿಟಮಿನ್ ಸಿ ನುಂಗಿ ಅಂತ ಪ್ರಚಾರ ಮಾಡಿದರು. ಆಮೇಲೆ ಪರೀಕ್ಷೆ ಮಾಡೇ ಬಿಡೋಣ ಅಂತ ಸಾವಿರಾರು ಜನರನ್ನು ಸೇರಿಸಿ, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಸುಮ್ನೆ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ ವರ್ಷಗಟ್ಟಲೆ ನೋಡಿದರು.

ಫಿನ್ಲೆಂಡಿನಲ್ಲಿ 29,133 ಜನ ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಅವರಿಗೆ ಬೀಟಾ ಕೆರೋಟಿನ್, ವಿಟಮಿನ್ ಇ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗುತ್ತದೆ ಅಂತ ಎಲ್ಲರ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕೆರೋಟಿನ್ ತಗೊಂಡವರಲ್ಲಿ ಕ್ಯಾನ್ಸರ್ ಶೇಕಡಾ 18 ಜಾಸ್ತಿ! ಏನೋ ಆಕಸ್ಮಿಕ ಅಂದುಕೊಂಡರು. ಅಷ್ಟರಲ್ಲಿ ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ನಡೀತಿತ್ತು, 18 ಸಾವಿರ ಚಿಲ್ಲರೆ ಜನ, ಧೂಮಪಾನಿಗಳು ಮತ್ತು ಆಸ್ಬೆಸ್ಟಾಸ್ ಧೂಳಿನಲ್ಲಿ ಕೆಲಸ ಮಾಡಿದವರು. ಅಲ್ಲಿ ಶೇಕಡಾ 28 ಜಾಸ್ತಿ ಕಂಡು, ಅವಧಿಗೆ 21 ತಿಂಗಳು ಮೊದಲೇ, 1996ರಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ವಿಟಮಿನ್ ಇ ಕಥೆಯೂ ಅಷ್ಟೇ. 35 ಸಾವಿರ ಗಂಡಸರ ಮೇಲೆ ಮಾಡಿದ ಪರೀಕ್ಷೆಯಲ್ಲಿ, ದಿನಕ್ಕೆ 400 ಯೂನಿಟ್ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಜಾಸ್ತಿ ಅಂತ 2011ರಲ್ಲಿ ವರದಿ ಆಯಿತು. ನಿಮ್ಮ ಜಿಮ್‌ನವರು ಹಾಕುವ ಅದೇ ನಾನೂರು.

2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ 78 ಪರೀಕ್ಷೆಗಳನ್ನು, ಸುಮಾರು ಮೂರು ಲಕ್ಷ ಜನರ ಲೆಕ್ಕವನ್ನು ಒಟ್ಟು ಹಾಕಿ ನೋಡಿದರು. ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಆಯುಸ್ಸು ಜಾಸ್ತಿ ಆಗಲಿಲ್ಲ. ಬೀಟಾ ಕೆರೋಟಿನ್, ವಿಟಮಿನ್ ಇ ತಗೊಂಡವರಲ್ಲಿ ಸಾವು ಸ್ವಲ್ಪ ಜಾಸ್ತಿಯೇ ಕಂಡಿತು.

ಭದ್ರಾವತಿ ಜಿಮ್

ಹೆದರಿಸಬೇಡಿ ಮೇಷ್ಟ್ರೇ. ಕ್ಯಾರೆಟ್ ತಿಂದರೂ ಬೀಟಾ ಕೆರೋಟಿನ್ನೇ ತಾನೇ ಬರುವುದು?

ಲ್ಯಾಬ್ ಮೇಷ್ಟ್ರು

ಕ್ಯಾರೆಟ್ ತಿಂದು ಯಾರಿಗೂ ಕ್ಯಾನ್ಸರ್ ಬಂದಿಲ್ಲ, ಧೈರ್ಯವಾಗಿ ತಿನ್ನಿ. ಮಾತ್ರೆಯಲ್ಲಿ ಒಂದೇ ವಸ್ತು, ಒಂದೇ ಸಲಕ್ಕೆ, ಊಟದಲ್ಲಿ ಬರುವುದಕ್ಕಿಂತ ಎಷ್ಟೋ ಪಟ್ಟು. ಸೇದುವವರ ಶ್ವಾಸಕೋಶದಲ್ಲಿ ಹೊಗೆಯ ಜೊತೆ ಆ ಕೆರೋಟಿನ್ ಒಡೆದು ಬೇರೆ ಹಾನಿಕರ ವಸ್ತು ಆಗುತ್ತದೆ ಅನ್ನುವುದು ಒಂದು ವಿವರಣೆ.

ತರಕಾರಿ ಜಾಸ್ತಿ ತಿನ್ನುವವರಿಗೆ ಹಾರ್ಟ್ ಅಟ್ಯಾಕ್ ಕಮ್ಮಿ ಅನ್ನುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಅನ್ನುತ್ತದೆ. ಆದರೆ ಅದರಲ್ಲಿ ನಾರಿದೆ, ಪೊಟ್ಯಾಷಿಯಂ ಇದೆ, ಉಪ್ಪು ಕಮ್ಮಿ, ಎಣ್ಣೆ ಕಮ್ಮಿ, ತರಕಾರಿಯಲ್ಲಿ ಹೊಟ್ಟೆ ತುಂಬಿದವರು ಬೋಂಡ ಕಮ್ಮಿ ತಿನ್ನುತ್ತಾರೆ. ಸಿಗರೇಟೂ ಕಮ್ಮಿ ಸೇದುವವರೇ ಇರಬಹುದು. ಇದೆಲ್ಲದರ ಕ್ರೆಡಿಟ್ಟನ್ನು ಆಂಟಿಆಕ್ಸಿಡೆಂಟ್ ಒಂದಕ್ಕೇ ಕೊಟ್ಟಿದ್ದೇ ಎಡವಟ್ಟು.

ವ್ಯಾಯಾಮದ ವಿಷಯ ಹೇಳಿಬಿಡುತ್ತೇನೆ, ನಿಮಗೆ ಬೇಕಾದದ್ದು ಅದೇ. ಫ್ರೀ ರ‍್ಯಾಡಿಕಲ್ ಅಂದರೆ ಬರೀ ಶತ್ರು ಅಲ್ಲ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದೇ ಅದನ್ನು ಉಗುಳಿ. ಭಾರ ಎತ್ತಿದಾಗ, ಓಡಿದಾಗ ಸ್ನಾಯುವಿನಲ್ಲಿ ಅದು ಹುಟ್ಟುತ್ತದೆ, ಅದನ್ನು ನೋಡಿಯೇ ದೇಹ "ಓಹೋ ಇನ್ನಷ್ಟು ಗಟ್ಟಿಯಾಗಬೇಕು" ಅಂತ ತನ್ನದೇ ಎನ್‌ಜೈಮ್‌ಗಳನ್ನು ಹೆಚ್ಚಿಸಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ರಿಸ್ಟೋವ್ ತಂಡ ಯುವಕರಿಗೆ ವ್ಯಾಯಾಮದ ಜೊತೆ ದಿನಾ ವಿಟಮಿನ್ ಸಿ 1000 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್ ಕೊಟ್ಟು ನೋಡಿತು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಹಾಗೆ ಆಗಬೇಕಿತ್ತಲ್ಲ, ಮಾತ್ರೆ ತಗೊಂಡವರಲ್ಲಿ ಅದು ಆಗಲೇ ಇಲ್ಲ. ತಗೊಳ್ಳದವರಲ್ಲಿ ಆಯಿತು. ನೀವು ದುಡ್ಡು ಕೊಟ್ಟು ಬೆವರಿನ ಫಲವನ್ನು ಅಳಿಸಿಕೊಳ್ಳುತ್ತಿದ್ದೀರಿ.

ಭದ್ರಾವತಿ ಜಿಮ್

ಇದನ್ನು ಕೋಚ್‌ಗೆ ಫಾರ್ವರ್ಡ್ ಮಾಡಿದ್ದೇನೆ. ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ.

ಕೊಪ್ಪದ ಕಾಫಿ

ಎಲ್ಲ ಇಂಗ್ಲಿಷ್ ಮಾತ್ರೆ ಕಥೆ ಆಯಿತು. ನಮ್ಮ ಅರಿಶಿನ? ಅಜ್ಜಿ ಕಾಲದಿಂದ ಹಾಲಿಗೆ ಅರಿಶಿನ ಹಾಕಿ ಕುಡೀತಾ ಬಂದವರು ನಾವು. ವಿದೇಶದವರು ಅದನ್ನೇ ಕರ್ಕ್ಯುಮಿನ್ ಅಂತ ಕ್ಯಾಪ್ಸೂಲ್ ಮಾಡಿದ್ದಾರೆ. ಎಲ್ಲದಕ್ಕೂ ಪರೀಕ್ಷೆ, ಪರೀಕ್ಷೆ ಅಂದರೆ ಹಿರಿಯರು ಹೇಳಿದ್ದೆಲ್ಲ ಸುಳ್ಳಾ?

ಲ್ಯಾಬ್ ಮೇಷ್ಟ್ರು

ಯಾರು ಸುಳ್ಳು ಅಂದರು? ಅರಿಶಿನದ ಮೇಲೆ ನಡೆದ ಒಂದು ಹೆಸರುವಾಸಿ ಪರೀಕ್ಷೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನದೇ, 1998ರದ್ದು. ಕರ್ಕ್ಯುಮಿನ್ ಒಂದನ್ನೇ 2 ಗ್ರಾಂ ಕೊಟ್ಟರೆ ರಕ್ತದಲ್ಲಿ ಕಾಣುವುದೇ ಕಷ್ಟ, ಅಷ್ಟು ಕಮ್ಮಿ ಹೀರಿಕೆ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಹೀರಿಕೆ ಶೇಕಡಾ 2000 ಹೆಚ್ಚಿತು. ಅರಿಶಿನ ಕಷಾಯಕ್ಕೆ ಎರಡು ಕಾಳುಮೆಣಸು ಜಜ್ಜಿ ಹಾಕುವವರಿಗೆ ಇದು ಖುಷಿಯ ಸುದ್ದಿ.

ಆದರೆ ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. ಚಿಟಿಕೆ ಅರಿಶಿನದ ಹಾಲು ಬೇರೆ, ಪೈಪರಿನ್ ಸೇರಿಸಿದ ಗ್ರಾಂ ಲೆಕ್ಕದ ಕ್ಯಾಪ್ಸೂಲ್ ಬೇರೆ.

ಮೆಡಿಕಲ್ ಶಾಪ್ ಶಿವಮೊಗ್ಗ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಂಥ ಕ್ಯಾಪ್ಸೂಲ್ ತಗೊಂಡು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿಯಲ್ಲಿ, ಅಮೆರಿಕದಲ್ಲಿ ದಾಖಲಾಗಿವೆ. ಹಾಲು ಕುಡಿದವರದಲ್ಲ, ಕ್ಯಾಪ್ಸೂಲ್ ನುಂಗಿದವರದು. ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಕೂಡ ಹಾಗೇ. ಲೋಟದಲ್ಲಿ ಕುಡಿದರೆ ತೊಂದರೆ ಇಲ್ಲ, ಮಾತ್ರೆ ರೂಪದಲ್ಲಿ ಅದರ ಮುಖ್ಯ ಕ್ಯಾಟಿಚಿನ್ ಆದ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ದಾಟಿದರೆ ಲಿವರ್ ಎನ್‌ಜೈಮ್ ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಪೈಪರಿನ್ ಅರಿಶಿನವನ್ನು ಮಾತ್ರ ಒಳಗೆ ಬಿಡುವುದಲ್ಲ, ಫಿಟ್ಸ್ ಮಾತ್ರೆ ಫೆನಿಟಾಯಿನ್‌ನಂಥವೂ ರಕ್ತದಲ್ಲಿ ಏರುವ ಹಾಗೆ ಮಾಡುತ್ತದೆ. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಡಿ, ಕ್ಯಾಪ್ಸೂಲಿಗೆ ಹೆದರಿ.

ಹೊಸನಗರ ಅಡುಗೆಮನೆ

ಮುರುಗಲಿನ ವಿಷಯ ಯಾರೂ ಹೇಳಲೇ ಇಲ್ಲ. ಬೇಸಿಗೆಯಲ್ಲಿ ಹಣ್ಣು ಬಿದ್ದಾಗ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಅದರದ್ದೇ ರಸಕ್ಕೆ ಅದ್ದಿ ಅದ್ದಿ ಒಣಗಿಸುತ್ತೇವೆ. ಕೈ ನೇರಳೆ ಬಣ್ಣ ಆಗಿ ಸೋಪು ಹಾಕಿದರೆ ನೀಲಿ ತಿರುಗುತ್ತದೆ, ಮಕ್ಕಳಿಗೆ ಅದೇ ಆಟ. ಬೀಜದಿಂದ ತುಪ್ಪ ತೆಗೆದು ಹಿಮ್ಮಡಿ ಒಡೆದದ್ದಕ್ಕೆ ಹಚ್ಚುತ್ತೇವೆ. ಆ ಬಣ್ಣವೇ ಆಂಟಿಆಕ್ಸಿಡೆಂಟ್ ಅಂತ ಎಲ್ಲೋ ಓದಿದ್ದೆ.

ಲ್ಯಾಬ್ ಮೇಷ್ಟ್ರು

ಹೌದಮ್ಮ, ಆ ಬಣ್ಣ ಆಂಥೋಸಯನಿನ್. ನೇರಳೆ ಹಣ್ಣಿನಲ್ಲೂ ಅದೇ ಜಾತಿಯದು. ಹುಳಿಯಲ್ಲಿ ಕೆಂಪು, ಸೋಪಿನಂಥ ಕ್ಷಾರ ತಾಗಿದರೆ ನೀಲಿ ಕಡೆ ತಿರುಗುವುದು ಅದರ ಸ್ವಭಾವ. ಟೆಸ್ಟ್ ಟ್ಯೂಬಿನಲ್ಲಿ ಭಾರೀ ಆಂಟಿಆಕ್ಸಿಡೆಂಟ್. ಆದರೆ ಕುಡಿದದ್ದರಲ್ಲಿ ಹಾಗೇ ರಕ್ತ ಸೇರುವುದು ತುಂಬಾ ಕಮ್ಮಿ, ಬಹುಪಾಲು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಬೇರೆ ಬೇರೆ ವಸ್ತು ಆಗುತ್ತದೆ. ಅದರಿಂದ ಒಳ್ಳೆಯದು ಆಗುತ್ತಿದ್ದರೂ ಅದು "ಫ್ರೀ ರ‍್ಯಾಡಿಕಲ್ ಹೊಡೆಯುವ" ದಾರಿಯಲ್ಲಿ ಅಲ್ಲದೆ ಬೇರೆ ದಾರಿಯಲ್ಲಿ ಇರಬಹುದು. ಬೇಸಿಗೆಗೆ ಸಕ್ಕರೆ ಕಮ್ಮಿ ಹಾಕಿ, ಜೀರಿಗೆ, ಚೂರು ಉಪ್ಪು ಹಾಕಿ ಕುಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಪಾನಕ ಇಲ್ಲ. ರುಚಿ ಅನ್ನುವ ಕಾರಣ ಸಾಲದಾ?

ಮುರುಗಲಿನ ತಮ್ಮ ಉಪ್ಪಾಗೆ. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಅಂತ ವಿದೇಶದಲ್ಲಿ ಮಾತ್ರೆ ಮಾಡಿ ಮಾರಿದರು. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರೆ, ಸುಮ್ನೆ ಮಾತ್ರೆ ತಗೊಂಡವರಿಗಿಂತ ತೂಕ ಜಾಸ್ತಿ ಇಳಿದಿರಲಿಲ್ಲ.

ತೀರ್ಥಹಳ್ಳಿ ತೋಟ

ಮೇಷ್ಟ್ರೇ, ನೇರವಾಗಿ ಕೇಳುತ್ತೇನೆ. ಅಡಿಕೆಯಲ್ಲೂ ಆಂಟಿಆಕ್ಸಿಡೆಂಟ್ ಇದೆ. ನಮ್ಮ ಚೊಗರು ನೋಡಿ, ಹಸಿ ಅಡಿಕೆ ಬೇಯಿಸಿದ ನೀರನ್ನು ಮತ್ತೆ ಮತ್ತೆ ಕಾಯಿಸಿ ಗಟ್ಟಿ ಮಾಡಿದ್ದು, ಅದು ಟ್ಯಾನಿನ್, ಕ್ಯಾಟಿಚಿನ್ ಅಂತಾರೆ. ಗ್ರೀನ್ ಟೀಯಲ್ಲಿ ಇರುವುದೂ ಕ್ಯಾಟಿಚಿನ್ನೇ. ಅವರಿಗೆ ಅದು ಆರೋಗ್ಯ, ನಮ್ಮದು ವಿಷ ಅಂದರೆ ಯಾವ ನ್ಯಾಯ? ಬೆಳೆಗಾರರು ಹೊಟ್ಟೆಪಾಡಿಗೆ ಏನು ಮಾಡಬೇಕು?

ಲ್ಯಾಬ್ ಮೇಷ್ಟ್ರು

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ನನ್ನ ಮನೆಯದೂ ಅಡಿಕೆ ತೋಟವೇ, ಸುಲಿಯುವ ಸೀಸನ್ನಿನಲ್ಲಿ ಮೆಟ್ಟುಕತ್ತಿ ಮುಂದೆ ಕೂತು ಕೈಯೆಲ್ಲ ಕಪ್ಪು ಮಾಡಿಕೊಂಡವನು ನಾನು. ಆದ್ದರಿಂದ ಹೊರಗಿನವನು ಅಂತ ತಿಳಿಯಬೇಡಿ.

ಅಡಿಕೆಯಲ್ಲಿ ಕ್ಯಾಟಿಚಿನ್, ಟ್ಯಾನಿನ್ ಇರುವುದು ಖಂಡಿತ ನಿಜ. ಅಡಿಕೆ ಸಾರವನ್ನು ಟೆಸ್ಟ್ ಟ್ಯೂಬಿಗೆ ಹಾಕಿದರೆ ಒಳ್ಳೆಯ ಆಂಟಿಆಕ್ಸಿಡೆಂಟ್ ನಂಬರ್ ಬರುತ್ತದೆ. ಆದರೆ ಕವಳಕ್ಕೆ ನಾವು ಸುಣ್ಣ ಹಚ್ಚುತ್ತೇವಲ್ಲ. ಸುಣ್ಣ ಕ್ಷಾರ. ಕ್ಷಾರದಲ್ಲಿ ಇದೇ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕದ ಜೊತೆ ತಾವೇ ಆಕ್ಸಿಡೈಸ್ ಆಗಲು ಶುರು ಮಾಡುತ್ತವೆ. ಕೆಂಪು ಬಣ್ಣ ಬರುವುದಿದೆಯಲ್ಲ, ಅದು ಆ ಕ್ರಿಯೆಯದೇ ಗುರುತು. ಅದು ನಡೆಯುವಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಅಂದರೆ ಯಾವ ಫ್ರೀ ರ‍್ಯಾಡಿಕಲ್ ತಡೆಯಬೇಕಿತ್ತೋ ಅದನ್ನೇ ಈ ಆಂಟಿಆಕ್ಸಿಡೆಂಟ್ ಬಾಯೊಳಗೆ ತಯಾರು ಮಾಡುತ್ತದೆ. ಗಂಟೆಗಟ್ಟಲೆ ದವಡೆಯ ಒಂದೇ ಮೂಲೆಯಲ್ಲಿ. ಜೊತೆಗೆ ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ವಸ್ತು ಬೇರೆ ಇದೆ, ಬಾಯಿ ಚರ್ಮ ಗಟ್ಟಿಯಾಗಿ ಬಾಯಿ ತೆರೆಯಲು ಆಗದ ಹಾಗೆ ಮಾಡುವುದರಲ್ಲಿ ಅದರ ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪಿಲ್ಲದ ಕವಳವನ್ನೂ ಸೇರಿಸಿ, ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಮನುಷ್ಯರಿಗೆ ಕ್ಯಾನ್ಸರ್ ಬರಿಸುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪು ಅದು. ಹೊಗೆಸೊಪ್ಪು ಸೇರಿದರಂತೂ ಇನ್ನೂ ಕೆಟ್ಟದ್ದು.

ಬೆಳೆಗಾರರ ಹೊಟ್ಟೆಪಾಡು ದೊಡ್ಡ ಪ್ರಶ್ನೆ, ಅದಕ್ಕೆ ಬೆಲೆ, ಬದಲಿ ಬೆಳೆ, ಬಣ್ಣ ಮತ್ತು ಟ್ಯಾನಿನ್‌ಗೆ ಬೇರೆ ಉಪಯೋಗ ಎಲ್ಲ ಮಾತಾಡೋಣ, ಬೇಕಾದರೆ ಬೇರೆ ಚರ್ಚೆ ಶುರು ಮಾಡಿ. ಆದರೆ "ಆಂಟಿಆಕ್ಸಿಡೆಂಟ್ ಇದೆ" ಅನ್ನುವ ಒಂದು ಮಾತು ಹಿಡಿದು ಕವಳಕ್ಕೆ ಕ್ಲೀನ್ ಚಿಟ್ ಕೊಡಲು ಆಗುವುದಿಲ್ಲ. ಅದೇ ಮಾತು ಹಿಡಿದು ಜ್ಯೂಸ್ ಬಾಟಲಿಗೂ ಕೊಡಲು ಆಗುವುದಿಲ್ಲ.

ತೀರ್ಥಹಳ್ಳಿ ತೋಟ

ಒಪ್ಪಿದೆ ಅಂತ ಹೇಳಲ್ಲ. ಸುಣ್ಣದ ಮಾತು ಮಾತ್ರ ತಲೆಗೆ ಹೋಯಿತು. ನಮ್ಮ ಅಪ್ಪಯ್ಯ ಸುಣ್ಣ ಜಾಸ್ತಿ ಹಚ್ಚಿ ಬಾಯಿ ಸುಟ್ಟುಕೊಳ್ಳುವ ಗಿರಾಕಿ, ಅವರಿಗೆ ಓದಿ ಹೇಳುತ್ತೇನೆ.

ಸಾಗರದ ಸೊಸೆ

ಮಾವನವರೂ ಇದನ್ನು ಓದಿದರು. ಜ್ಯೂಸ್ ಕುಡಿಯಲ್ಲ ಅಂದರು. ಕವಳದ ಮಾತಿಗೆ ಪೇಪರ್ ಎತ್ತಿ ಮುಖಕ್ಕೆ ಹಿಡಿದರು. ಡಾಕ್ಟರ್ ಹತ್ತಿರ ಹೋದಾಗ ಬಾಯಿಯನ್ನೂ ಒಂದು ಸಲ ತೋರಿಸಿಕೊಂಡು ಬರುತ್ತೇವೆ.

ಹಾಗಾದರೆ ದಿನಾ ಏನು ತಿನ್ನಬೇಕು? ನೆಲ್ಲಿಕಾಯಿ ಬೇಯಿಸಿದರೆ ವಿಟಮಿನ್ ಹೋಗುತ್ತದಾ?

ಲ್ಯಾಬ್ ಮೇಷ್ಟ್ರು

ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ, ನೀರಿನಲ್ಲೂ ಕರಗಿ ಹೋಗುತ್ತದೆ. ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ನೆಲ್ಲಿಕಾಯಿಯಲ್ಲಿ ಅದು ಎಷ್ಟು ಜಾಸ್ತಿ ಅಂದರೆ ಸ್ವಲ್ಪ ಹೋದರೂ ಚಿಂತೆ ಇಲ್ಲ. ಐಸಿಎಂಆರ್ (ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು. ಒಂದು ಸೀಬೆ ಹಣ್ಣು ತಿಂದರೆ ಅದು ದಾಟಿ ಹೋಗುತ್ತದೆ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ. ದಿನಾ ಗ್ರಾಂ ಲೆಕ್ಕದಲ್ಲಿ ಮಾತ್ರೆ ನುಂಗಿದರೆ ಕೆಲವರಿಗೆ ಕಿಡ್ನಿ ಕಲ್ಲಿನ ತೊಂದರೆ.

ಟೊಮೇಟೊ ಉಲ್ಟಾ, ಎಣ್ಣೆ ಹಾಕಿ ಬೇಯಿಸಿದರೆ ಅದರ ಕೆಂಪು ಬಣ್ಣದ ಲೈಕೋಪಿನ್ ಚೆನ್ನಾಗಿ ಸಿಗುತ್ತದೆ. ಹರಿವೆ, ಬಸಳೆ, ನುಗ್ಗೆ ಸೊಪ್ಪಿನ ಕೆರೋಟಿನ್ ಕೂಡ ಕೊಬ್ಬು ಇದ್ದರೆ ಮಾತ್ರ ಒಳಗೆ ಹೋಗುತ್ತದೆ. ಪಲ್ಯಕ್ಕೆ ಕಾಯಿತುರಿ, ಒಗ್ಗರಣೆ ಎಣ್ಣೆ ಹಾಕುವುದು ಬರೀ ರುಚಿಗಲ್ಲ. ಒಂದೆಲಗದ ತಂಬುಳಿಯನ್ನು ಸೊಪ್ಪು ಹಸಿಯಾಗಿ ಅರೆದು ಮಾಡಿದರೆ ಇನ್ನೂ ಒಳ್ಳೆಯದು, ಸೊಪ್ಪು ಚೆನ್ನಾಗಿ ತೊಳೆದಿರಬೇಕು ಅಷ್ಟೇ.

ಮೆಡಿಕಲ್ ಶಾಪ್ ಶಿವಮೊಗ್ಗ

ಹೆಂಗಸರಿಗೆ ಒಂದು ಮಾತು. ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ತಗೊಳ್ಳುವವರು ಊಟದ ಜೊತೆಗೇ ಕಾಫಿ, ಟೀ ಕುಡಿಯಬೇಡಿ. ಅದರ ಪಾಲಿಫಿನಾಲ್ ಕಬ್ಬಿಣವನ್ನು ಹಿಡಿದುಕೊಂಡು ಒಳಗೆ ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಲಿಂಬೆ, ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ನೋಡಿ, ಎರಡೂ ಆಂಟಿಆಕ್ಸಿಡೆಂಟೇ, ಒಂದು ಅಡ್ಡಗಾಲು ಹಾಕುತ್ತದೆ, ಇನ್ನೊಂದು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ.

ಕೀಮೋ, ರೇಡಿಯೇಷನ್ ನಡೆಯುತ್ತಿರುವವರು ಡಾಕ್ಟರನ್ನು ಕೇಳದೆ ಯಾವ ಆಂಟಿಆಕ್ಸಿಡೆಂಟ್ ಮಾತ್ರೆಯನ್ನೂ ಮುಟ್ಟಬೇಡಿ. ಆ ಚಿಕಿತ್ಸೆಗಳಲ್ಲಿ ಹಲವು ಕೆಲಸ ಮಾಡುವುದೇ ಕ್ಯಾನ್ಸರ್ ಕೋಶದಲ್ಲಿ ಫ್ರೀ ರ‍್ಯಾಡಿಕಲ್ ಎಬ್ಬಿಸಿ.

ಕೊಪ್ಪದ ಕಾಫಿ

ಕಾಫಿಗೂ ಬಂದಿರಾ! ಒಂದಾದರೂ ಆಂಟಿಆಕ್ಸಿಡೆಂಟ್ ಔಷಧಿ ಕೆಲಸ ಮಾಡಿದ್ದು ಇದೆಯಾ, ಅಥವಾ ಎಲ್ಲವೂ ದಂಡವಾ?

ಲ್ಯಾಬ್ ಮೇಷ್ಟ್ರು

ಇದೆ. ಪ್ಯಾರಾಸಿಟಮಾಲ್ ಮಾತ್ರೆ ಅತಿಯಾಗಿ ನುಂಗಿದವರ ಲಿವರ್‌ನಲ್ಲಿ ಗ್ಲುಟಥಯೋನ್ ಖಾಲಿಯಾಗಿಬಿಡುತ್ತದೆ. ಆಸ್ಪತ್ರೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟು ಅದನ್ನು ಮತ್ತೆ ತುಂಬಿಸುತ್ತಾರೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಯಾವುದು ಕಮ್ಮಿ ಆಗಿದೆ ಅಂತ ಗೊತ್ತಿದ್ದು, ಅದನ್ನೇ ಕೊಡುವುದರಿಂದ ಕೆಲಸ ಆಗುತ್ತದೆ.

ಹೊಸನಗರ ಅಡುಗೆಮನೆ

ನಮ್ಮ ಅತ್ತೆಗೆ ಕಣ್ಣಿನ ಡಾಕ್ಟರ್ ಒಂದು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಬರೆದಿದ್ದಾರೆ. ಕಣ್ಣಿನ ನಡುವೆ ಮಸುಕು, ವಯಸ್ಸಿನದ್ದು ಅಂದಿದ್ದಾರೆ. ಇದನ್ನೆಲ್ಲ ಓದಿ ಗಾಬರಿ ಆಯಿತು. ನಿಲ್ಲಿಸಬೇಕಾ?

ಮೆಡಿಕಲ್ ಶಾಪ್ ಶಿವಮೊಗ್ಗ

ನಿಲ್ಲಿಸಬೇಡಿ. ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ಸವೆತ ಮಧ್ಯಮ ಹಂತದಲ್ಲಿ ಇರುವವರಿಗೆ ಅದು ನಿಜವಾಗಿ ಉಪಯೋಗ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಮಾಡಿದ ಪರೀಕ್ಷೆಯಲ್ಲಿ, ಮುಂದಿನ ಹಂತಕ್ಕೆ ಹೋಗುವ ಅಪಾಯ ಸುಮಾರು ಕಾಲುಭಾಗ ಕಮ್ಮಿ ಆಗಿತ್ತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದು ನಿಧಾನಕ್ಕೆ ಹೋಗುತ್ತದೆ. ಹಳೆಯ ಫಾರ್ಮುಲಾದಲ್ಲಿ ಬೀಟಾ ಕೆರೋಟಿನ್ ಇತ್ತು, 2013ರ ಪರೀಕ್ಷೆಯ ನಂತರ ಅದರ ಬದಲು ಲ್ಯುಟಿನ್, ಜಿಯಾಜ್ಯಾಂಥಿನ್ ಹಾಕುತ್ತಾರೆ. ಸ್ಟ್ರಿಪ್ ಹಿಂದೆ ಯಾವುದಿದೆ ಅಂತ ನೋಡಿ. ಅತ್ತೆಯವರು ಹಿಂದೆ ಬೀಡಿ ಸಿಗರೇಟು ಸೇದಿದ್ದರೆ ಡಾಕ್ಟರಿಗೆ ಹೇಳಿ.

ಹೊಸನಗರ ಅಡುಗೆಮನೆ

ಸೇದಿಲ್ಲ, ಆದರೆ ನಶ್ಯ ಏರಿಸುತ್ತಿದ್ದರು! ಸ್ಟ್ರಿಪ್ ನೋಡಿದೆ, ಲ್ಯುಟಿನ್ 10 ಮಿಲಿಗ್ರಾಂ ಅಂತ ಇದೆ, ಕೆರೋಟಿನ್ ಇಲ್ಲ. ಸರಿ, ರಾತ್ರಿ ಊಟ ಆದಮೇಲೆ ಕೊಡುತ್ತೇನೆ.